ರೇಡಿಯೊ ಮತ್ತು ಟಿ.ವಿ.ಯಲ್ಲಿ ನಿಮ್ಮ ಸುದ್ದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾಹೀರಾತಿಗೆ ಹಣ ಸುರಿಯದೆ, ಸುದ್ದಿಯ ಅಥವಾ ಸಂದರ್ಶನದ ರೂಪದಲ್ಲಿ ತಮ್ಮ ಕೆಲಸ ಜನರನ್ನು ತಲುಪಬೇಕೆಂದು ಬಯಸುವ ಸಂಸ್ಥೆಗಳು, ಸಣ್ಣ ಉದ್ಯಮಿಗಳು, ಸಂಶೋಧಕರು ಮತ್ತು ಸ್ವಯಂಸೇವಕರು ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳು ಇವು. ಮೊದಲ ಕೆಲವು ವರ್ಷ ನಾನು ಸುದ್ದಿಮನೆಯಲ್ಲಿ ಕುಳಿತು ಇಂಥವರ ಪ್ರಕಟಣೆಗಳನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಆಮೇಲೆ ಮೇಜಿನ ಈಚೆ ಬದಿಗೆ ಬಂದು, ಅದೇ ಬುಟ್ಟಿಗೆ ಬೀಳದಂತಹ ಪ್ರಕಟಣೆ ಬರೆಯುವುದು ಹೇಗೆಂದು ಕಲಿಯಬೇಕಾಯಿತು. ಎರಡೂ ಬದಿಯ ಸಂಕಟ ಗೊತ್ತಿರುವುದರಿಂದ ಉತ್ತರಗಳು ಅಲ್ಲಲ್ಲಿ ಕಟುವಾಗಿರಬಹುದು.

ಪತ್ರಿಕೆಗಳಿಗೆ ಕಳುಹಿಸಿದ ಪ್ರಕಟಣೆಯನ್ನೇ ರೇಡಿಯೊಗೂ ಟಿ.ವಿ.ಗೂ ಕಳುಹಿಸಿದರೆ ಆಗದೇ?

ಕಳುಹಿಸಲು ಅಡ್ಡಿಯಿಲ್ಲ, ಫಲ ಸಿಗುವುದು ಮಾತ್ರ ಅಪರೂಪ. ಪತ್ರಿಕಾ ಪ್ರಕಟಣೆ ಎಂಬುದು ಹುಟ್ಟಿದ್ದೇ ಅಚ್ಚಿನ ಮನೆಗಾಗಿ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗುರುಳಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ರೈಲು ಕಂಪನಿಗೆ ಸಲಹೆಗಾರರಾಗಿದ್ದ ಐವಿ ಲೀ, ಸುದ್ದಿಯನ್ನು ಮುಚ್ಚಿಡುವ ಆಗಿನ ರೂಢಿಯನ್ನು ಬಿಟ್ಟು, ನಡೆದದ್ದನ್ನು ಬರೆದು ಪತ್ರಕರ್ತರಿಗೆ ಹಂಚಿಸಿದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದ ಹಾಗೆಯೇ ಅಚ್ಚು ಹಾಕಿತು. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಹೇಳುವುದು ಅದನ್ನೇ.

ಪತ್ರಿಕೆಯಲ್ಲಿ ಹೀಗೆ ಕಾಗದದಿಂದ ಕಾಗದಕ್ಕೆ ಇಳಿಸಬಹುದು. ರೇಡಿಯೊದಲ್ಲಿ ಆ ಕಾಗದವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು, ಟಿ.ವಿ.ಯಲ್ಲಿ ಹೇಳುವಾಗ ಪರದೆಯ ಮೇಲೆ ಏನಾದರೂ ಓಡುತ್ತಿರಬೇಕು. ನಿಮ್ಮ ಪ್ರಕಟಣೆ ಎಷ್ಟೇ ಚೆನ್ನಾಗಿದ್ದರೂ, ‘ಮಾತನಾಡಲು ಯಾರಿದ್ದಾರೆ? ತೋರಿಸಲು ಏನಿದೆ?’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲದಿದ್ದರೆ ಸುದ್ದಿಮನೆಯ ಡೆಸ್ಕ್‌ನಲ್ಲಿರುವವರು ಮುಂದಿನ ಇಮೇಲ್ ತೆರೆಯುತ್ತಾರೆ.

ಹಾಗಾದರೆ ಅವರಿಗೆ ಬೇಕಾಗಿರುವುದು ಏನು?

ಹೇಳಿದ ಹೊತ್ತಿಗೆ ಸಿಗುವ ಒಬ್ಬ ಮನುಷ್ಯ. ಅವರ ಬಾಯಲ್ಲಿ ಅರ್ಥವಾಗುವ ಮಾತು. ಅದರ ಹಿಂದೆ ಒಂದು ಸದ್ದು ಅಥವಾ ದೃಶ್ಯ. ನಿಮ್ಮ ಸಂಸ್ಥೆ ಎಷ್ಟು ದೊಡ್ಡದು ಎಂಬುದು ಇವುಗಳ ನಂತರದ ಮಾತು.

ಇದನ್ನು ತುಂಬ ಹಿಂದೆಯೇ ಅರ್ಥ ಮಾಡಿಕೊಂಡವರಿದ್ದರು. 1929ರ ಅಕ್ಟೋಬರ್ 21ರಂದು ಎಡಿಸನ್ನರ ವಿದ್ಯುತ್ ದೀಪಕ್ಕೆ ಐವತ್ತು ವರ್ಷ ತುಂಬಿದ ಸಮಾರಂಭ ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ನಡೆಯಿತು. ಅದರ ಪ್ರಚಾರದಲ್ಲಿ ಸಾರ್ವಜನಿಕ ಸಂಪರ್ಕದ ಆದ್ಯರಲ್ಲಿ ಒಬ್ಬರಾದ ಎಡ್ವರ್ಡ್ ಬರ್ನೇಸ್ ಅವರ ಕೈಯಿತ್ತು. ಅಧ್ಯಕ್ಷ ಹೂವರ್ ಬಂದಿದ್ದರು, ಭಾಷಣಗಳೂ ಇದ್ದವು. ಆದರೆ ಜನರ ನೆನಪಿನಲ್ಲಿ ಉಳಿದದ್ದು ವೃದ್ಧ ಎಡಿಸನ್ ತಮ್ಮ ಹಳೆಯ ದೀಪವನ್ನು ಮತ್ತೆ ಹೊತ್ತಿಸಿದ ಕ್ಷಣ. ಎನ್‌ಬಿಸಿ ರೇಡಿಯೊ ಅದನ್ನು ನೇರವಾಗಿ ಬಿತ್ತರಿಸಿತು. ಮನೆಯ ದೀಪ ಆರಿಸಿ ಕುಳಿತು, ಸೂಚನೆ ಬಂದಾಗ ಹೊತ್ತಿಸಿ ಎಂದು ಕೇಳುಗರಿಗೆ ಮೊದಲೇ ಹೇಳಲಾಗಿತ್ತು. ದೀಪ ಕಣ್ಣಿಗೆ ಸೇರಿದ ವಸ್ತು, ರೇಡಿಯೊ ಕಿವಿಗೆ ಸೇರಿದ್ದು. ಆ ಕೊರತೆಯನ್ನೇ ಕೇಳುಗನ ಕೈಗೆ ಸ್ವಿಚ್ ಕೊಟ್ಟು ತುಂಬಿಸಿದರು. ನಿಮ್ಮ ಕಾರ್ಯಕ್ರಮದಲ್ಲಿ ಅಂಥದ್ದೊಂದು ಕ್ಷಣ ಯಾವುದು ಎಂದು ಹುಡುಕಿ. ರಿಬ್ಬನ್ ಕತ್ತರಿಸುವುದು ಅಂಥ ಕ್ಷಣವಲ್ಲ. ಅದನ್ನು ಎಲ್ಲರೂ ನೋಡಿ ಸುಸ್ತಾಗಿದ್ದಾರೆ.

ನಮ್ಮ ವಿಷಯ ಸುದ್ದಿಯಾಗುತ್ತದೆಯೇ ಎಂದು ತಿಳಿಯುವುದು ಹೇಗೆ?

ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಒಂದೇ ವಾಕ್ಯದಲ್ಲಿ ಹೇಳಿ ನೋಡಿ. ಅವರು ‘ಹೌದೇ? ಅದು ಹೇಗೆ?’ ಎಂದರೆ ಸುದ್ದಿ. ‘ತುಂಬ ಸಂತೋಷ’ ಎಂದರೆ ಅಲ್ಲ.

ಸಂಸ್ಥೆಗೆ ಹತ್ತು ವರ್ಷ ತುಂಬಿತು, ಹೊಸ ಲಾಂಛನ ಬಂತು, ಪ್ರಶಸ್ತಿ ಸಿಕ್ಕಿತು, ಒಪ್ಪಂದಕ್ಕೆ ಸಹಿ ಬಿತ್ತು. ಇವು ನಿಮ್ಮ ಮನೆಯ ಹಬ್ಬಗಳು, ಊರ ಹಬ್ಬಗಳಲ್ಲ. ಆದರೆ ಈ ಹತ್ತು ವರ್ಷದಲ್ಲಿ ನೀವು ಗಮನಿಸಿದ ಯಾವುದಾದರೂ ಬದಲಾವಣೆ ಕೇಳುಗರ ಬದುಕಿಗೆ ತಾಗುವಂಥದ್ದಾಗಿದ್ದರೆ ಅಲ್ಲಿ ಸುದ್ದಿ ಇದೆ. ಬಹುಪಾಲು ಸಂಸ್ಥೆಗಳಲ್ಲಿ ಸುದ್ದಿ ಇರುವುದು ಮೇಲಧಿಕಾರಿಯ ಕೊಠಡಿಯಲ್ಲಲ್ಲ, ದೂರು ಕೇಳುವ ಮೇಜಿನ ಹಿಂದೆ. ಅಲ್ಲಿ ಕುಳಿತವರನ್ನು ಒಮ್ಮೆ ಮಾತನಾಡಿಸಿ. ಅರ್ಧ ಗಂಟೆಯಲ್ಲಿ ಮೂರು ವಿಷಯ ಸಿಗುತ್ತವೆ.

ಇನ್ನೊಂದು ದಾರಿ, ಈಗಾಗಲೇ ಓಡುತ್ತಿರುವ ಸುದ್ದಿಗೆ ತಿಳಿವಳಿಕೆ ಸೇರಿಸುವುದು. ಪ್ರವಾಹದ ಸುದ್ದಿ ಬರುತ್ತಿರುವಾಗ ಕುಡಿಯುವ ನೀರಿನ ತಜ್ಞರು, ಪರೀಕ್ಷಾ ಫಲಿತಾಂಶದ ದಿನ ಮಕ್ಕಳ ಮನಸ್ಸು ಬಲ್ಲವರು, ದೊಡ್ಡದೊಂದು ಸೈಬರ್ ವಂಚನೆ ಬಯಲಾದಾಗ ಅದರ ಒಳಗುಟ್ಟು ಬಿಡಿಸಿ ಹೇಳಬಲ್ಲವರು ವಾಹಿನಿಗಳಿಗೆ ಆ ಗಂಟೆಯಲ್ಲೇ ಬೇಕಾಗುತ್ತಾರೆ. ಕ್ಯಾಲೆಂಡರ್ ಕೂಡ ನೆರವಿಗೆ ಬರುತ್ತದೆ. ಸ್ವತಃ ರೇಡಿಯೊಗೇ ಒಂದು ದಿನವಿದೆ, ಫೆಬ್ರುವರಿ 13. ಯುನೆಸ್ಕೊ ಅದನ್ನು 2011ರಲ್ಲಿ ಘೋಷಿಸಿತು. ಆದರೆ ಇಂಥ ದಿನಗಳಂದು ಎಲ್ಲರೂ ಒಟ್ಟಿಗೆ ಬಾಗಿಲು ತಟ್ಟುತ್ತಾರೆ ಎಂಬುದು ನೆನಪಿರಲಿ. ಹತ್ತು ದಿನ ಮೊದಲೇ ಮಾತನಾಡಿಡಿ. ಇನ್ನು, ಇತರರ ದುರಂತವನ್ನು ನಿಮ್ಮ ಸರಕು ಮಾರುವ ಅವಕಾಶ ಮಾಡಿಕೊಂಡರೆ ಅದು ತಕ್ಷಣ ಗೊತ್ತಾಗುತ್ತದೆ, ಬಹುಕಾಲ ನೆನಪಿನಲ್ಲೂ ಇರುತ್ತದೆ.

ಯಾರನ್ನು ಸಂಪರ್ಕಿಸಬೇಕು? ನಿರೂಪಕರು ಪರಿಚಯದವರು, ಅವರಿಗೇ ಹೇಳಿದರೆ ಸಾಲದೇ?

ಪರದೆಯ ಮೇಲೆ ಕಾಣುವ ಮುಖಕ್ಕೆ ಅಲ್ಲಿ ಏನು ಬರಬೇಕೆಂದು ನಿರ್ಧರಿಸುವ ಅಧಿಕಾರ ಇರುವುದು ಕಡಿಮೆ. ಟಿ.ವಿ. ಸುದ್ದಿಮನೆಯಲ್ಲಿ ಸುದ್ದಿ ಒಳಗೆ ಬರುವ ಬಾಗಿಲು ಬೇರೆ, ಹೊರಗೆ ಹೋಗುವ ಬಾಗಿಲು ಬೇರೆ. ವರದಿಗಾರರನ್ನೂ ಕ್ಯಾಮೆರಾಗಳನ್ನೂ ಎಲ್ಲಿಗೆ ಕಳುಹಿಸಬೇಕೆಂದು ತೀರ್ಮಾನಿಸುವುದು ಇನ್‌ಪುಟ್ ಅಥವಾ ಅಸೈನ್‌ಮೆಂಟ್ ಡೆಸ್ಕ್. ಬಂದದ್ದರಲ್ಲಿ ಯಾವುದು ಯಾವ ಬುಲೆಟಿನ್‌ಗೆ, ಎಷ್ಟು ಹೊತ್ತು ಎಂದು ಹೇಳುವುದು ಔಟ್‌ಪುಟ್. ಚರ್ಚಾ ಕಾರ್ಯಕ್ರಮಗಳಿಗೆ ಅತಿಥಿಗಳನ್ನು ಹುಡುಕುವವರು ಇನ್ನೂ ಬೇರೆ. ಅವರೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವವರು, ಹೊರಗಿನವರಿಗೆ ಅತಿ ಕಡಿಮೆ ಪರಿಚಯ ಇರುವವರೂ ಅವರೇ.

ರೇಡಿಯೊದಲ್ಲಿ ಕಾರ್ಯಕ್ರಮದ ನಿರ್ಮಾಪಕರನ್ನು ಹುಡುಕಿ. ಕೆಲವು ದೇಶಗಳಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಅಂಥಲ್ಲಿ ಸುದ್ದಿ ಪ್ರಕಟಣೆ ಕಳುಹಿಸುವುದು ವ್ಯರ್ಥ. ಬೆಳಗಿನ ಕಾರ್ಯಕ್ರಮದ ಹರಟೆಗೆ, ಕೇಳುಗರ ಕರೆ ಸ್ವೀಕರಿಸುವ ಕಾರ್ಯಕ್ರಮಕ್ಕೆ ವಿಷಯ ಕೊಡಿ. ಸಮುದಾಯ ಬಾನುಲಿ ಕೇಂದ್ರಗಳನ್ನು ಕಡೆಗಣಿಸಬೇಡಿ. ಕೇಳುಗರು ಕಡಿಮೆ ಇರಬಹುದು, ಆದರೆ ಅಲ್ಲಿ ನಿಮಗೆ ಎರಡು ನಿಮಿಷದ ಬದಲು ಇಪ್ಪತ್ತು ನಿಮಿಷ ಸಿಗಬಹುದು. ಮೈಕ್ ಮುಂದಿನ ಭಯ ಕಳೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎಲ್ಲಕ್ಕಿಂತ ಮೊದಲು ಆ ಕಾರ್ಯಕ್ರಮವನ್ನು ಕೇಳಿ, ನೋಡಿ. ಒಂದು ವಾರವಾದರೂ ಸಾಕು. ಆರೋಗ್ಯದ ಭಾಗ ನಿಂತುಹೋಗಿ ಆರು ತಿಂಗಳಾಗಿರುವ ಕಾರ್ಯಕ್ರಮಕ್ಕೆ ಆರೋಗ್ಯದ ವಿಷಯ ಕಳುಹಿಸುವವರನ್ನು ದಿನವೂ ನೋಡುತ್ತಿದ್ದೆ.

ಯಾವ ಹೊತ್ತಿಗೆ ಫೋನ್ ಮಾಡುವುದು ಸರಿ?

ಬುಲೆಟಿನ್‌ಗೆ ಹಿಂದಿನ ಒಂದು ಗಂಟೆ ಬೇಡ. ಆ ಹೊತ್ತಿನಲ್ಲಿ ಫೋನ್ ಎತ್ತಿದವರು ನಿಮ್ಮ ಮಾತು ಕೇಳುವುದಿಲ್ಲ, ಹೆಸರನ್ನು ಮಾತ್ರ ಕೋಪದಿಂದ ನೆನಪಿಟ್ಟುಕೊಳ್ಳುತ್ತಾರೆ. ಬಹುತೇಕ ಸುದ್ದಿಮನೆಗಳಲ್ಲಿ ಬೆಳಿಗ್ಗೆ ಒಂದು ಸಭೆ ನಡೆದು ಆ ದಿನದ ಪಟ್ಟಿ ತಯಾರಾಗುತ್ತದೆ. ನಿಮ್ಮ ಇಮೇಲ್ ಆ ಸಭೆಗೆ ಮುಂಚೆ ತಲುಪಿರಬೇಕು, ಫೋನ್ ಸಭೆ ಮುಗಿದ ಮೇಲೆ ಹೋಗಬೇಕು. ರಜಾದಿನಗಳಲ್ಲಿ ಕಚೇರಿಗಳು ಮುಚ್ಚಿರುತ್ತವೆ, ಬುಲೆಟಿನ್ ಮಾತ್ರ ತುಂಬಲೇಬೇಕು. ಸಣ್ಣ ಸಂಸ್ಥೆಗಳಿಗೆ ಅದು ಸುಗ್ಗಿ.

ಇಮೇಲ್‌ನಲ್ಲಿ ಏನು ಬರೆಯಬೇಕು?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಸಂಸ್ಥೆಯೊಂದು ಶಾಲಾ ಮಕ್ಕಳ ಕಣ್ಣು ತಪಾಸಣೆ ನಡೆಸಿದೆ. ಸಾಮಾನ್ಯವಾಗಿ ಬರುವ ಇಮೇಲ್ ಹೀಗಿರುತ್ತದೆ: ‘ನಮ್ಮ ಪ್ರತಿಷ್ಠಿತ ಸಂಸ್ಥೆಯ ವತಿಯಿಂದ ಗಣ್ಯರ ಸಮ್ಮುಖದಲ್ಲಿ ಬೃಹತ್ ಉಚಿತ ನೇತ್ರ ತಪಾಸಣಾ ಶಿಬಿರವನ್ನು ಯಶಸ್ವಿಯಾಗಿ ಆಯೋಜಿಸಲಾಗಿದ್ದು, ಸದರಿ ಕಾರ್ಯಕ್ರಮಕ್ಕೆ ವ್ಯಾಪಕ ಪ್ರಚಾರ ನೀಡಬೇಕಾಗಿ ಕೋರಿಕೆ.’ ಇದರಲ್ಲಿ ಮಕ್ಕಳೇ ಇಲ್ಲ. ‘ಪ್ರತಿಷ್ಠಿತ’, ‘ಬೃಹತ್’, ‘ಯಶಸ್ವಿ’ ಎಂಬ ಮೂರು ಪದಗಳಿಗೂ ಯಾರೂ ಸಾಕ್ಷಿ ಹೇಳಿಲ್ಲ.

ಅದನ್ನೇ ಹೀಗೆ ಬರೆದು ನೋಡಿ: ‘ಹಿಂದಿನ ಬೆಂಚಿನ ಹುಡುಗನಿಗೆ ಓದು ಹತ್ತುತ್ತಿಲ್ಲ ಎಂದು ಶಿಕ್ಷಕರು ಅಂದುಕೊಂಡಿದ್ದರು. ಅವನಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಇಂಥ ಮಕ್ಕಳನ್ನು ಗುರುತಿಸುವುದು ಹೇಗೆ ಎಂದು ನಮ್ಮ ನೇತ್ರತಜ್ಞರು ಮೂರು ನಿಮಿಷದಲ್ಲಿ ಹೇಳಬಲ್ಲರು. ನಾಳೆ ಬೆಳಿಗ್ಗೆ 7ರಿಂದ 10ರವರೆಗೆ ಫೋನ್‌ನಲ್ಲೂ ಸ್ಟುಡಿಯೊದಲ್ಲೂ ಸಿಗುತ್ತಾರೆ. ಆ ಹುಡುಗನ ಶಿಕ್ಷಕಿಯೂ ಮಾತನಾಡಲು ಒಪ್ಪಿದ್ದಾರೆ. ಮಕ್ಕಳು ಮೊದಲ ಸಲ ಕನ್ನಡಕ ಹಾಕಿಕೊಳ್ಳುವ ದೃಶ್ಯವನ್ನು 11 ಗಂಟೆಗೆ ಚಿತ್ರೀಕರಿಸಬಹುದು. ಪೋಷಕರ ಲಿಖಿತ ಒಪ್ಪಿಗೆ ಇದೆ.’ ಕೆಳಗೆ ಒಂದು ಹೆಸರು, ಒಂದು ಮೊಬೈಲ್ ಸಂಖ್ಯೆ.

ಇಷ್ಟೇ. ಇದನ್ನು ಓದಿದವರಿಗೆ ಕಾರ್ಯಕ್ರಮ ಕಣ್ಣ ಮುಂದೆ ಬರುತ್ತದೆ. ಸಂಸ್ಥೆಯ ಇತಿಹಾಸ, ಪದಾಧಿಕಾರಿಗಳ ಪಟ್ಟಿ ಬೇಕೆನಿಸಿದರೆ ಅವರೇ ಕೇಳುತ್ತಾರೆ. ಆ ಮೊಬೈಲ್ ಸಂಖ್ಯೆಗೆ ಕರೆ ಬಂದಾಗ ಯಾರಾದರೂ ಎತ್ತಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಆದರೆ ಹೇಳಬೇಕಾಗಿದೆ. ಪ್ರಕಟಣೆ ಕಳುಹಿಸಿದ ದಿನವೇ ಫೋನ್ ಆರಿಸಿಟ್ಟು ಸಭೆಗೆ ಹೋಗುವವರು ಎಷ್ಟೋ ಮಂದಿ.

ರೇಡಿಯೊಗೆಂದು ಬರೆಯುವಾಗ ಭಾಷೆ ಹೇಗಿರಬೇಕು?

ಈ ಪ್ರಶ್ನೆಗೆ ಉದ್ದವಾಗಿ ಉತ್ತರಿಸುತ್ತೇನೆ, ಏಕೆಂದರೆ ಕನ್ನಡದಲ್ಲಿ ಇದರ ತೊಡಕುಗಳೇ ಬೇರೆ.

ಓದುಗ ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗುತ್ತಾನೆ. ಕೇಳುಗನಿಗೆ ಹಿಂದಿನ ಸಾಲು ಎಂಬುದೇ ಇಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಎಂದು ಹೇಳಿದರು’ ಎಂಬುದು ಇನ್ನೂ ಕೊನೆಗೆ. ಪತ್ರಿಕೆಯ ರೂಢಿಯಂತೆ ‘ಅಂತರ್ಜಲ ಮಟ್ಟ ಕುಸಿಯುತ್ತಿದ್ದು ತಕ್ಷಣ ಕ್ರಮ ಕೈಗೊಳ್ಳದಿದ್ದರೆ ಅಪಾಯ ಕಾದಿದೆ ಎಂದು ಭೂವಿಜ್ಞಾನಿಯೊಬ್ಬರು ಹೇಳಿದ್ದಾರೆ’ ಎಂದು ಓದಿದರೆ, ಯಾರ ಮಾತು ಕೇಳುತ್ತಿದ್ದೇನೆ ಎಂಬುದು ಕೇಳುಗನಿಗೆ ಗೊತ್ತಾಗುವ ಹೊತ್ತಿಗೆ ಮಾತು ಮುಗಿದಿರುತ್ತದೆ. ಅದು ಸುದ್ದಿವಾಚಕರ ಅಭಿಪ್ರಾಯವೇನೋ ಎಂಬ ಗೊಂದಲವೂ ಆಗುತ್ತದೆ. ಹೇಳಿದವರನ್ನು ಮುಂದೆ ತನ್ನಿ: ‘ಭೂವಿಜ್ಞಾನಿಯೊಬ್ಬರು ಎಚ್ಚರಿಸಿದ್ದಾರೆ. ಅಂತರ್ಜಲ ಕುಸಿಯುತ್ತಿದೆ. ಈಗಲೇ ಏನಾದರೂ ಮಾಡದಿದ್ದರೆ ಅಪಾಯ.’ ವಾಕ್ಯ ಮುರಿಯಲು ಹೆದರಬೇಡಿ.

‘ಕೈಗೊಳ್ಳಲಾಗುವುದು’, ‘ಏರ್ಪಡಿಸಲಾಗಿದ್ದು’, ‘ಸದರಿ’, ‘ಮೇಲ್ಕಂಡ’ ಇವೆಲ್ಲ ಕಡತದ ಭಾಷೆ. ಕಿವಿಗೆ ‘ಮೇಲೆ’ ಯಾವುದು, ‘ಕೆಳಗೆ’ ಯಾವುದು? ‘ಕ್ರಮವಾಗಿ’ ಎಂಬುದಂತೂ ರೇಡಿಯೊದಲ್ಲಿ ಅಪರಾಧ. ಸಂಖ್ಯೆಗಳನ್ನು ಉರುಟು ಮಾಡಿ. 48,735 ಎಂಬುದನ್ನು ‘ಸುಮಾರು ನಲವತ್ತೊಂಬತ್ತು ಸಾವಿರ’ ಎಂದರೆ ಯಾರಿಗೂ ನಷ್ಟವಿಲ್ಲ. ಒಂದು ಸುದ್ದಿಗೆ ಎರಡಕ್ಕಿಂತ ಹೆಚ್ಚು ಸಂಖ್ಯೆ ಬೇಡ. ಅಪರೂಪದ ಹೆಸರುಗಳಿದ್ದರೆ ಉಚ್ಚಾರಣೆಯನ್ನು ಪಕ್ಕದಲ್ಲೇ ಬಿಡಿಸಿ ಬರೆದುಕೊಡಿ. ತನ್ನ ಹೆಸರನ್ನು ತಪ್ಪಾಗಿ ಹೇಳಿದ ಕೇಂದ್ರವನ್ನು ಮನುಷ್ಯ ಸುಲಭವಾಗಿ ಕ್ಷಮಿಸುವುದಿಲ್ಲ, ಬೈಗುಳ ಬರುವುದು ಪ್ರಕಟಣೆ ಕಳುಹಿಸಿದ ನಿಮಗೆ.

ಉದ್ದದ ಲೆಕ್ಕ: ಇಂಗ್ಲಿಷ್ ಪ್ರಸಾರದಲ್ಲಿ ನಿಮಿಷಕ್ಕೆ 150 ಪದಗಳ ಆಸುಪಾಸಿನ ಲೆಕ್ಕ ಇಟ್ಟುಕೊಳ್ಳುತ್ತಾರೆ. ವಿಭಕ್ತಿ, ಪ್ರತ್ಯಯಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಓಡುವ ಕನ್ನಡದ ಪದಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಅಷ್ಟು ಪದ ತುಂಬಿದರೆ ವಾಚಕರು ಏದುಸಿರು ಬಿಡುತ್ತಾರೆ. ಪದ ಎಣಿಸುವುದನ್ನು ಬಿಟ್ಟು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಮೂವತ್ತು ಸೆಕೆಂಡಿನಲ್ಲಿ ಮುಗಿದರೆ ಸರಿ. ಎಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತೋ ಅಲ್ಲಿ ಕತ್ತರಿ ಹಾಕಿ.

ಟಿ.ವಿ.ಗೆ ದೃಶ್ಯಗಳನ್ನು ನಾವೇ ಚಿತ್ರೀಕರಿಸಿ ಕೊಡಬಹುದೇ?

ಕೊಡಬಹುದು. ಎಲ್ಲ ಕಡೆಗೂ ಕ್ಯಾಮೆರಾ ಕಳುಹಿಸಲು ವಾಹಿನಿಗಳಿಗೆ ಆಗುವುದಿಲ್ಲವಾದ್ದರಿಂದ ಕೆಲವೊಮ್ಮೆ ಅದೇ ನಿಮ್ಮ ಸುದ್ದಿಯನ್ನು ಉಳಿಸುತ್ತದೆ. ಆದರೆ ಅವರಿಗೆ ಬೇಕಿರುವುದು ಕಚ್ಚಾ ಸರಕು, ಅಡುಗೆಯಲ್ಲ. ಹಿನ್ನೆಲೆ ಸಂಗೀತ, ತೇಲಿಬರುವ ಅಕ್ಷರ, ಮೂಲೆಯಲ್ಲಿ ತಿರುಗುವ ಲಾಂಛನ ಇರುವ ಪ್ರಚಾರ ಚಿತ್ರವನ್ನು ಕಳುಹಿಸಿದರೆ ಅದರಲ್ಲಿ ಒಂದು ಸೆಕೆಂಡನ್ನೂ ಬಳಸಲಾಗದು.

ಮೊಬೈಲನ್ನು ಅಡ್ಡ ಹಿಡಿಯಿರಿ. ಪ್ರತಿ ಶಾಟ್ ಕನಿಷ್ಠ ಹತ್ತು ಸೆಕೆಂಡು ಅಲುಗಾಡದೆ ಇರಲಿ. ಸ್ಟ್ಯಾಂಡ್ ಇಲ್ಲದಿದ್ದರೆ ಕುರ್ಚಿಯ ಬೆನ್ನಿಗೆ ಒರಗಿಸಿ. ಜಾಗವಿಡೀ ಕಾಣುವಂಥದ್ದು ಒಂದು, ಕೆಲಸ ಮಾಡುತ್ತಿರುವ ವ್ಯಕ್ತಿ ಒಂದು, ಕೈಗಳು, ಕಣ್ಣುಗಳು, ಯಂತ್ರದ ಮುಳ್ಳು ಮುಂತಾದ ಹತ್ತಿರದ ಶಾಟ್‌ಗಳು ಕೆಲವು. ಸ್ಥಳದ ಸಹಜ ಸದ್ದು ಇರಲಿ, ಚಿತ್ರೀಕರಿಸುವವರ ಹರಟೆ ಬೇಡ. ಜೊತೆಗೆ ಯಾವ ಶಾಟ್‌ನಲ್ಲಿ ಏನಿದೆ, ಯಾರಿದ್ದಾರೆ, ಎಲ್ಲಿ, ಯಾವ ದಿನ ತೆಗೆದದ್ದು ಎಂಬ ಪಟ್ಟಿ. ಮಕ್ಕಳು, ರೋಗಿಗಳು, ಸಂತ್ರಸ್ತರು ಕಾಣುವುದಾದರೆ ಒಪ್ಪಿಗೆ ಮೊದಲು, ಕ್ಯಾಮೆರಾ ಆಮೇಲೆ.

ಇಲ್ಲಿ ಒಂದು ಗೆರೆ ಇದೆ. ದೃಶ್ಯ ನಿಮ್ಮದು ಎಂಬುದು ವಾಹಿನಿಗೆ ಗೊತ್ತಿರಬೇಕು, ವಾಹಿನಿಯಿಂದ ವೀಕ್ಷಕರಿಗೂ ಗೊತ್ತಾಗಬೇಕು. ಅಮೆರಿಕದ ಆರೋಗ್ಯ ಇಲಾಖೆ ಮೆಡಿಕೇರ್ ಎಂಬ, ಮುಖ್ಯವಾಗಿ ಹಿರಿಯರಿಗಾಗಿರುವ ಆರೋಗ್ಯ ವಿಮೆ ಯೋಜನೆಯ ಬಗ್ಗೆ ಥೇಟ್ ಸುದ್ದಿ ವರದಿಯಂತೆಯೇ ಕಾಣುವ ವಿಡಿಯೊಗಳನ್ನು ತಯಾರಿಸಿ ಹಂಚಿತು. ಕೊನೆಯಲ್ಲಿ ವರದಿಗಾರರಂತೆ ಹೆಸರು ಹೇಳಿ ಮುಗಿಸುವ ವ್ಯಕ್ತಿಯೂ ಇದ್ದರು. ಕೆಲವು ಕೇಂದ್ರಗಳು ಅವನ್ನು ಸುದ್ದಿಯೆಂದೇ ಪ್ರಸಾರ ಮಾಡಿದವು. ಹಿಂದೆ ಸರ್ಕಾರ ಇರುವುದನ್ನು ವೀಕ್ಷಕರಿಂದ ಮರೆಮಾಚಿದ್ದರಿಂದ ಇದು ಗುಪ್ತ ಪ್ರಚಾರ ಎಂದು 2004ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಹೇಳಿತು. ಮರುವರ್ಷ ಪ್ರಸಾರ ನಿಯಂತ್ರಣ ಆಯೋಗ, ಇಂಥ ವಿಡಿಯೊಗಳ ಮೂಲವನ್ನು ತಿಳಿಸುವ ಹೊಣೆಯನ್ನು ಕೇಂದ್ರಗಳಿಗೆ ನೆನಪಿಸಿತು. ‘ದೃಶ್ಯ: ಸಂಸ್ಥೆಯ ಕೊಡುಗೆ’ ಎಂಬ ಸಣ್ಣ ಸಾಲಿನಿಂದ ನಿಮ್ಮ ಗೌರವವೇನೂ ಕುಗ್ಗುವುದಿಲ್ಲ.

ಬೈಟ್ (ಪ್ರಸಾರವಾಗುವ ಮಾತಿನ ತುಣುಕು) ಎಂದರೆ ಎಷ್ಟು ಉದ್ದ? ನಮ್ಮ ಅಧ್ಯಕ್ಷರು ಹತ್ತು ನಿಮಿಷ ಮಾತನಾಡಿದರು, ಎಂಟು ಸೆಕೆಂಡು ಮಾತ್ರ ಹಾಕಿದ್ದಾರೆ.

ಎಂಟು ಸೆಕೆಂಡು ಸಿಕ್ಕಿದ್ದು ಅದೃಷ್ಟ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಟಿ.ವಿ. ಸುದ್ದಿಗಳನ್ನು ಅಳೆದು ನೋಡಿದ ಸಂಶೋಧಕರಿಗೆ, ಅಭ್ಯರ್ಥಿಯ ಒಂದು ಮಾತಿನ ತುಣುಕು 1968ರಲ್ಲಿ ಸರಾಸರಿ 43 ಸೆಕೆಂಡುಗಳಷ್ಟಿದ್ದದ್ದು 1988ರ ಹೊತ್ತಿಗೆ ಸುಮಾರು 9 ಸೆಕೆಂಡಿಗೆ ಇಳಿದಿರುವುದು ಕಂಡುಬಂತು. ಅಧ್ಯಕ್ಷರಾಗಲು ಹೊರಟವರ ಗತಿಯೇ ಹೀಗಿದ್ದಾಗ ಸಂಘದ ಅಧ್ಯಕ್ಷರು ದೂರುವಂತಿಲ್ಲ.

ಹತ್ತು ನಿಮಿಷ ಮಾತನಾಡಿದರೆ ಆ ಎಂಟು ಸೆಕೆಂಡು ಯಾವುದೆಂದು ಆರಿಸುವವರು ಅವರು. ನಲವತ್ತು ಸೆಕೆಂಡು ಮಾತನಾಡಿ ನಿಲ್ಲಿಸಿದರೆ ಆರಿಸಿದವರು ನೀವೇ. ಮುಖ್ಯ ಮಾತನ್ನು ಮೊದಲು ಹೇಳಿ, ಕಾರಣ ಆಮೇಲೆ. ಪ್ರಶ್ನೆ ಪ್ರಸಾರದಲ್ಲಿ ಇರುವುದಿಲ್ಲವಾದ್ದರಿಂದ ‘ಹೌದು, ನೀವು ಹೇಳಿದ ಹಾಗೆಯೇ’ ಎಂದು ಆರಂಭಿಸಿದ ಉತ್ತರ ಕೆಲಸಕ್ಕೆ ಬಾರದು. ವಿಷಯವನ್ನು ಸೇರಿಸಿಕೊಂಡೇ ಪೂರ್ತಿ ವಾಕ್ಯ ಹೇಳಬೇಕು.

ಸಂದರ್ಶನಕ್ಕೆ ಯಾರನ್ನು ಕಳುಹಿಸಬೇಕು?

ವಿಷಯ ಗೊತ್ತಿರುವವರನ್ನು. ಹುದ್ದೆಯಲ್ಲಿ ದೊಡ್ಡವರು ಹಾಗೂ ವಿಷಯ ಗೊತ್ತಿರುವವರು ಒಬ್ಬರೇ ಆಗಿದ್ದರೆ ಸಂತೋಷ, ಅಂಥ ಯೋಗ ಕಡಿಮೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಯುವತಿ ಕಣ್ಣರಳಿಸಿ ಹೇಳುವ ಒಂದು ಮಾತು ನಿರ್ದೇಶಕರ ಇಡೀ ಭಾಷಣಕ್ಕಿಂತ ದೂರ ಹೋಗುತ್ತದೆ. ಇದನ್ನು ನಿರ್ದೇಶಕರಿಗೆ ಹೇಳುವವರು ಯಾರು ಎಂಬುದೇ ಈ ವೃತ್ತಿಯ ಅತಿ ಕಷ್ಟದ ಪ್ರಶ್ನೆ. ಸಾರ್ವಜನಿಕ ಸಂಪರ್ಕದ ಅರ್ಧ ಕೆಲಸ ಹೊರಗಿನವರನ್ನು ಒಪ್ಪಿಸುವುದಲ್ಲ, ಒಳಗಿನವರನ್ನು ಒಪ್ಪಿಸುವುದು. ಹಿಂದೆ ಒಂದು ಸಂಸ್ಥೆಯಲ್ಲಿ ನಾನು ಈ ಮಾತು ಹೇಳಲು ಹಿಂಜರಿದೆ. ಮುಖ್ಯಸ್ಥರೇ ಹೋದರು, ಧನ್ಯವಾದ ಸಮರ್ಪಣೆಯಲ್ಲೇ ಮೊದಲ ಒಂದೂವರೆ ನಿಮಿಷ ಕಳೆದರು, ಆ ವಾಹಿನಿ ಮತ್ತೆ ನಮ್ಮನ್ನು ಕರೆಯಲಿಲ್ಲ.

ಪ್ರಶ್ನೆಗಳನ್ನು ಮೊದಲೇ ಕೇಳಿ ಪಡೆಯಬಹುದೇ?

ವಿಷಯ ಕೇಳಿ, ಪ್ರಶ್ನೆಪತ್ರಿಕೆ ಕೇಳಬೇಡಿ. ಎಷ್ಟು ಹೊತ್ತು, ನೇರಪ್ರಸಾರವೇ ರೆಕಾರ್ಡಿಂಗೇ, ಜೊತೆಗೆ ಬೇರೆ ಯಾರಿರುತ್ತಾರೆ ಎಂಬುದನ್ನು ಕೇಳುವುದು ನಿಮ್ಮ ಹಕ್ಕು. ಕೊನೆಯದನ್ನು ಮರೆಯಲೇಬೇಡಿ. ಒಬ್ಬರೇ ಎಂದುಕೊಂಡು ಹೋಗಿ ನಾಲ್ಕು ಜನರ ಕೂಗಾಟದ ನಡುವೆ ಸಿಕ್ಕಿಕೊಂಡವರ ಸಂಖ್ಯೆ ಚಿಕ್ಕದಲ್ಲ.

ಮುಜುಗರದ ಪ್ರಶ್ನೆ ಬಂದರೆ?

ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ವಿಚಾರಿಸಿ ಇಷ್ಟು ಹೊತ್ತಿಗೆ ತಿಳಿಸುತ್ತೇನೆ ಎನ್ನಿ, ಹೇಳಿದಂತೆ ತಿಳಿಸಿ. ಹೇಳುವಂತಿಲ್ಲದಿದ್ದರೆ ಏಕೆ ಎಂದು ಹೇಳಿ: ತನಿಖೆ ನಡೆಯುತ್ತಿದೆ, ಕುಟುಂಬದವರಿಗೆ ಇನ್ನೂ ತಿಳಿಸಿಲ್ಲ. ‘ಪ್ರತಿಕ್ರಿಯೆ ಇಲ್ಲ’ ಎಂಬ ಎರಡು ಪದಗಳನ್ನು ಜನ ತಪ್ಪೊಪ್ಪಿಗೆಯೆಂದೇ ಕೇಳಿಸಿಕೊಳ್ಳುತ್ತಾರೆ. ‘ನೀವು ವಂಚಕರೇ?’ ಎಂದು ಕೇಳಿದರೆ ‘ನಾವು ವಂಚಕರಲ್ಲ’ ಎನ್ನಬೇಡಿ. ನಾಳೆ ಪರದೆಯ ಕೆಳಗೆ ಅದೇ ಅಕ್ಷರಗಳು ಓಡುತ್ತವೆ. ಹಣ ಎಲ್ಲಿಗೆ ಹೋಯಿತು ಎಂಬುದನ್ನು ನೇರವಾಗಿ ಹೇಳಿ.

ಇನ್ನು, ಸಂಕಟದ ಹೊತ್ತಿನಲ್ಲಿ ನಿಮ್ಮ ಆಯಾಸ ಸುದ್ದಿಯಲ್ಲ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲಬಾವಿ ಸ್ಫೋಟಿಸಿ ಹನ್ನೊಂದು ಕಾರ್ಮಿಕರು ಸತ್ತು, ತೈಲ ಸಮುದ್ರಕ್ಕೆ ಹರಿಯುತ್ತಲೇ ಇದ್ದಾಗ, ಬಿ.ಪಿ. ಕಂಪನಿಯ ಮುಖ್ಯಸ್ಥ ಟೋನಿ ಹೇವರ್ಡ್ ಕ್ಯಾಮೆರಾ ಮುಂದೆ ಕ್ಷಮೆ ಕೇಳಿದರು. ಅದರ ಬೆನ್ನಿಗೇ, ಇದು ಮುಗಿಯಲಿ ಎಂದು ತನಗಿಂತ ಹೆಚ್ಚು ಬಯಸುವವರಿಲ್ಲ, ತನಗೆ ತನ್ನ ಬದುಕು ವಾಪಸು ಬೇಕು ಎಂದರು. ಕ್ಷಮೆ ಯಾರಿಗೂ ನೆನಪಿಲ್ಲ. ಕೊನೆಯ ವಾಕ್ಯವನ್ನು ಇಂದಿಗೂ ತರಬೇತಿಗಳಲ್ಲಿ ತೋರಿಸುತ್ತಾರೆ. ಕೆಲವೇ ತಿಂಗಳಲ್ಲಿ ಅವರು ಆ ಹುದ್ದೆಯಿಂದ ಇಳಿದರು.

ಮೈಕ್ ಹತ್ತಿರ ಇರುವಷ್ಟು ಹೊತ್ತೂ ಅದು ಚಾಲೂ ಇದೆ ಎಂದೇ ತಿಳಿಯಿರಿ.

ಟಿ.ವಿ.ಗೆ ಹೋಗುವಾಗ ಏನು ಉಟ್ಟುಕೊಳ್ಳಬೇಕು?

ಸಣ್ಣ ಸಣ್ಣ ಗೆರೆ, ಚೌಕುಳಿ ಬೇಡ. ಪರದೆಯ ಮೇಲೆ ಅವು ಅಲೆಯಾಡುತ್ತವೆ. ಹಿಂದೆ ಹಸಿರು ಪರದೆ (ಹಸಿರು ಇದ್ದಲ್ಲೆಲ್ಲ ಬೇರೆ ಚಿತ್ರ ಕೂರಿಸುವಂಥದ್ದು) ಇದ್ದರೆ ಹಸಿರು ಬಟ್ಟೆ ಬೇಡ, ನಿಮ್ಮ ತಲೆ ಮಾತ್ರ ಗಾಳಿಯಲ್ಲಿ ತೇಲೀತು. ಮೈಕ್‌ಗೆ ತಾಗಿ ಸದ್ದು ಮಾಡುವ ಸರ, ಬಳೆ ತೆಗೆದಿಡಿ. ಮೇಕಪ್ ಮಾಡುತ್ತೇವೆಂದರೆ ಗಂಡಸರೂ ಒಪ್ಪಿಕೊಳ್ಳಿ.

ಅಮೆರಿಕದ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳಾಗಿದ್ದ ಕೆನಡಿ–ನಿಕ್ಸನ್ ನಡುವೆ 1960ರ ಸೆಪ್ಟೆಂಬರ್ 26ರಂದು ಟಿ.ವಿ.ಯಲ್ಲಿ ನಡೆದ ಚರ್ಚೆಯ ಕಥೆ ಇಲ್ಲಿ ಬಂದೇ ಬರುತ್ತದೆ. ಆಸ್ಪತ್ರೆಯಿಂದ ಬಂದು ಹೆಚ್ಚು ದಿನವಾಗಿರದ ನಿಕ್ಸನ್ ಮೇಕಪ್ ಕಲಾವಿದರ ನೆರವು ಬೇಡವೆಂದರು, ಪರದೆಯ ಮೇಲೆ ಬಾಡಿದಂತೆ ಕಂಡರು. ರೇಡಿಯೊದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದೂ ಟಿ.ವಿ.ಯಲ್ಲಿ ನೋಡಿದವರು ಕೆನಡಿ ಗೆದ್ದರೆಂದೂ ತಿಳಿದರು ಎಂಬ ಮಾತಿಗೆ ಇರುವ ಆಧಾರ ಮಾತ್ರ ತೆಳು. ಆ ಮಾತಿಗೆ ಮೂಲವಾದ ಸಮೀಕ್ಷೆಯಲ್ಲಿದ್ದ ರೇಡಿಯೊ ಕೇಳುಗರು ಕೆಲವೇ ನೂರು ಜನ. ನಾನೂ ವರ್ಷಗಟ್ಟಲೆ ಅದನ್ನು ಸತ್ಯವೆಂದೇ ಹೇಳಿಕೊಂಡು ತಿರುಗಿದ್ದೇನೆ.

ಫೋನ್ ಅಥವಾ ವಿಡಿಯೊ ಕರೆಯ ಮೂಲಕ ಮಾತನಾಡುವಾಗ?

ಮೆತ್ತನೆಯ ಸಾಮಾನು ತುಂಬಿದ ಸಣ್ಣ ಕೋಣೆ ಒಳ್ಳೆಯದು. ಖಾಲಿ ಸಭಾಂಗಣದಲ್ಲಿ ದನಿ ಬಾವಿಯಿಂದ ಬಂದಂತೆ ಕೇಳುತ್ತದೆ. ಸ್ಪೀಕರ್‌ಫೋನ್ ಬೇಡ, ಇಯರ್‌ಫೋನ್ ಹಾಕಿ. ನಿಮ್ಮ ಮನೆಯ ರೇಡಿಯೊ, ಟಿ.ವಿ. ಆರಿಸಿ. ಇಲ್ಲದಿದ್ದರೆ ನಿಮ್ಮದೇ ಮಾತು ಕೆಲವು ಸೆಕೆಂಡು ತಡವಾಗಿ ಬಂದು ನಿಮ್ಮನ್ನು ತಡವರಿಸುವಂತೆ ಮಾಡುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಬೆಳಕು ಮುಖದ ಎದುರಿನಿಂದ ಬರಲಿ. ಬಾಗಿಲಿಗೆ ಚಿಲಕ ಹಾಕಿ. 2017ರಲ್ಲಿ ದಕ್ಷಿಣ ಕೊರಿಯಾದ ತಮ್ಮ ಮನೆಯಿಂದ ಬಿಬಿಸಿ ಜೊತೆ ಗಂಭೀರವಾಗಿ ಮಾತನಾಡುತ್ತಿದ್ದ ಪ್ರಾಧ್ಯಾಪಕರೊಬ್ಬರ ಹಿಂದೆ ಮಗಳು ಕುಣಿಯುತ್ತಾ ಬಂದು, ಅವಳ ಹಿಂದೆಯೇ ಗಾಲಿಗಳ ವಾಕರ್‌ನಲ್ಲಿ ಮಗುವೂ ಬಂದದ್ದನ್ನು ಜಗತ್ತೇ ನೋಡಿತು. ಜಗತ್ತಿಗೆ ಅದು ಇಷ್ಟವಾಯಿತು, ಸರಿ. ಆದರೆ ಅಂದಿನ ವಿಷಯ ಏನಿತ್ತು ಎಂದು ಕೇಳಿದರೆ ಹೇಳಬಲ್ಲವರು ಎಷ್ಟು ಜನ?

ಹಣ ಕೊಟ್ಟರೆ ಸುದ್ದಿಯಾಗಿ ಹಾಕುತ್ತಾರಂತೆ. ನಿಜವೇ?

ಕೆಲವು ಕಡೆ ನಿಜ. ಮಾಡಬೇಡಿ. ಹಣ ಕೊಡುವುದಾದರೆ ‘ಪ್ರಾಯೋಜಿತ’ ಎಂದು ಸ್ಪಷ್ಟವಾಗಿ ತೋರಿಸುವ ಕಾರ್ಯಕ್ರಮಕ್ಕೆ ಕೊಡಿ. ಅದು ಪ್ರಾಮಾಣಿಕ ವ್ಯವಹಾರ. ಗುಟ್ಟಾಗಿ ಕೊಟ್ಟದ್ದು ಗುಟ್ಟಾಗಿ ಉಳಿಯುವುದಿಲ್ಲ. ಹಾಡು ಹಾಕಿಸಲು ರೇಡಿಯೊ ನಿರೂಪಕರಿಗೆ ಲಂಚ ಕೊಡುತ್ತಿದ್ದ ಹಗರಣ ಅಮೆರಿಕದಲ್ಲಿ 1959ರಲ್ಲಿ ಬಯಲಾಗಿ, ಮರುವರ್ಷ ಅದನ್ನು ಅಪರಾಧವೆಂದು ಕಾನೂನೇ ಬಂತು. ಹಣ ಪಡೆದು ಸುದ್ದಿ ಹಾಕಿದವರು ನಾಳೆ ಹಣ ಪಡೆದು ನಿಮ್ಮ ವಿರುದ್ಧವೂ ಹಾಕಬಲ್ಲರು ಎಂಬ ಲೆಕ್ಕವನ್ನಂತೂ ಇಟ್ಟುಕೊಳ್ಳಿ.

ಪ್ರಸಾರಕ್ಕೆ ಮುಂಚೆ ನಮಗೊಮ್ಮೆ ತೋರಿಸುತ್ತಾರೆಯೇ?

ಇಲ್ಲ. ಕೇಳಲೂ ಬೇಡಿ.

ತಪ್ಪಾಗಿ ಪ್ರಸಾರವಾದರೆ?

ಎರಡು ಬಗೆ. ಹೆಸರು, ಅಂಕಿ, ದಿನಾಂಕ ತಪ್ಪಾಗಿದ್ದರೆ ತಕ್ಷಣ ಡೆಸ್ಕ್‌ಗೆ ಫೋನ್ ಮಾಡಿ, ಸರಿಯಾದದ್ದನ್ನು ಬರೆದೂ ಕಳುಹಿಸಿ. ಮುಂದಿನ ಬುಲೆಟಿನ್‌ನಲ್ಲಿ ತಿದ್ದಿಕೊಳ್ಳುವವರೇ ಹೆಚ್ಚು, ಜಾಲತಾಣದಲ್ಲಿ ಉಳಿದಿರುವ ವಿಡಿಯೊವನ್ನೂ ತಿದ್ದಿಸಿ. ಅಂಕಿಗಳೆಲ್ಲ ಸರಿಯಿದ್ದು ‘ನಮ್ಮನ್ನು ಸಾಕಷ್ಟು ಹೊಗಳಲಿಲ್ಲ’ ಎಂಬುದಷ್ಟೇ ಬೇಸರವಾಗಿದ್ದರೆ ಒಂದು ಲೋಟ ನೀರು ಕುಡಿಯಿರಿ. ವರದಿಗಾರರನ್ನು ಬಿಟ್ಟು ನೇರವಾಗಿ ಸಂಪಾದಕರಿಗೆ ದೂರು ಒಯ್ಯುವುದು ಕೊನೆಯ ಮೆಟ್ಟಿಲಾಗಿರಲಿ.

ಸಿಕ್ಕ ಪ್ರಚಾರದ ಬೆಲೆಯನ್ನು ಅಳೆಯುವುದು ಹೇಗೆ?

ಇಷ್ಟು ಸೆಕೆಂಡಿನ ಜಾಹೀರಾತಿಗೆ ಇಷ್ಟು ದರ, ಆದ್ದರಿಂದ ನಮಗೆ ಇಷ್ಟು ಲಕ್ಷದ ಪ್ರಚಾರ ಸಿಕ್ಕಿತು ಎಂದು ಗುಣಾಕಾರ ಮಾಡಿ ಆಡಳಿತ ಮಂಡಳಿಗೆ ತೋರಿಸುವುದು ಹಳೆಯ ಚಾಳಿ. ಈ ಲೆಕ್ಕ ಸಾರ್ವಜನಿಕ ಸಂಪರ್ಕದ ಮೌಲ್ಯವಲ್ಲ ಎಂದು 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕ್ಷೇತ್ರದವರೇ ಘೋಷಿಸಿದ್ದಾರೆ. ಆದರೂ ಅದು ಸತ್ತಿಲ್ಲ, ಏಕೆಂದರೆ ಕಾಗದದ ಮೇಲೆ ದೊಡ್ಡ ಮೊತ್ತ ಕಾಣುವುದು ಎಲ್ಲರಿಗೂ ಹಿತ.

ನಾನು ನೋಡುವುದು ಬೇರೆ. ಪ್ರಸಾರದ ನಂತರದ ಎರಡು ದಿನ ಎಷ್ಟು ಫೋನ್ ಬಂದವು? ಬಂದವರು ಎಲ್ಲಿ ಕೇಳಿದೆ ಎಂದರು? ನಾವು ಹೇಳಬೇಕೆಂದಿದ್ದ ಒಂದು ಮಾತು 
ಅವರ ಬಾಯಲ್ಲಿ ಬಂತೇ? ಎಲ್ಲಕ್ಕಿಂತ ಮುಖ್ಯವಾಗಿ, ಅದೇ ವಾಹಿನಿಯವರು ಮುಂದಿನ ಸಲ ತಾವಾಗಿಯೇ ಕರೆ ಮಾಡಿದರೇ?

ಪಿ.ಆರ್. (ಸಾರ್ವಜನಿಕ ಸಂಪರ್ಕ) ಸಂಸ್ಥೆಯೊಂದನ್ನು ನೇಮಿಸಿಕೊಳ್ಳಬೇಕೇ?

ದಿನವೂ ಹೇಳುವುದಿದ್ದರೆ, ಹಲವು ಊರುಗಳಲ್ಲಿ ಕೆಲಸವಿದ್ದರೆ ಅನುಕೂಲ. ವರ್ಷಕ್ಕೆ ಮೂರು ನಾಲ್ಕು ವಿಷಯಗಳಿದ್ದರೆ ನಿಮ್ಮಲ್ಲೇ ಒಬ್ಬರು ಕಲಿಯುವುದು ಮೇಲು. ಇಷ್ಟು ವಾಹಿನಿಗಳಲ್ಲಿ ಬರಿಸುತ್ತೇವೆ ಎಂದು ಖಾತರಿ ಕೊಡುವವರಿಂದ ದೂರವಿರಿ. ಸುದ್ದಿಗೆ ಖಾತರಿ ಕೊಡಬಲ್ಲವರು ಯಾರೂ ಇಲ್ಲ. ಕೊಡುತ್ತೇನೆ ಎಂದವರು ಜಾಹೀರಾತು ಕೊಂಡು ಕೊಡುತ್ತಾರೆ, ಇಲ್ಲವೇ ಹಿಂದಿನ ಪ್ರಶ್ನೆಯೊಂದರಲ್ಲಿ ಹೇಳಿದ ದಾರಿ ಹಿಡಿಯುತ್ತಾರೆ.

ಎಲ್ಲ ಸಿದ್ಧವಾಗಿತ್ತು, ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು. ಈಗೇನು ಮಾಡುವುದು?

ಭೂಕಂಪವೋ ರಾಜೀನಾಮೆಯೋ ಬಂದಿರುತ್ತದೆ. ಆ ದಿನ ನಿಮ್ಮನ್ನು ಕೈಬಿಟ್ಟ ನಿರ್ಮಾಪಕರಿಗೆ ಒಳಗೊಳಗೇ ಒಂದು ಅಳುಕು ಇರುತ್ತದೆ. ಸಿಡುಕಿ ಅದನ್ನು ಹಾಳು ಮಾಡಬೇಡಿ. ‘ಅರ್ಥವಾಗುತ್ತದೆ, ಗುರುವಾರವೂ ನಮ್ಮ ತಜ್ಞರು ಬಿಡುವಾಗಿದ್ದಾರೆ’ ಎಂದು ಎರಡು ಸಾಲು ಕಳುಹಿಸಿ. ನಾನು ಡೆಸ್ಕ್‌ನಲ್ಲಿದ್ದಾಗ ಹಾಗೆ ಬರೆದವರ ಸಂಖ್ಯೆಯನ್ನು ಬೇರೆಯೇ ಡೈರಿಯಲ್ಲಿ ಇಟ್ಟುಕೊಂಡಿದ್ದೆ.

ಮೊದಲ ಸಲ ಸ್ಟುಡಿಯೊಗೆ ಹೋಗುತ್ತಿದ್ದೇನೆ. ಕರೆಯುವವರೆಗೆ ಸುಮ್ಮನೆ ಕುಳಿತಿದ್ದರೆ ಸಾಕೇ?

ಸಾಲದು. ಅರ್ಧ ಗಂಟೆ ಮುಂಚೆ ಹೋಗಿ, ಮೊಬೈಲ್ ಆರಿಸಿ, ನೀರು ಕುಡಿಯಿರಿ. ಕರೆಯಲು ಬಂದವರಿಗೆ ನಿಮ್ಮ ಪೂರ್ತಿ ಹೆಸರು, ಯಾವ ಕಾರ್ಯಕ್ರಮ, ಯಾವ ವಿಷಯ ಎಂದು ನೀವೇ ಹೇಳಿ. 2006ರ ಮೇ ತಿಂಗಳಲ್ಲಿ ಲಂಡನ್ನಿನ ಬಿಬಿಸಿ ಕಚೇರಿಯಲ್ಲಿ ಒಂದೇ ಮೊದಲ ಹೆಸರಿನ ಇಬ್ಬರು ಕಾಯುತ್ತಿದ್ದರು. ಒಬ್ಬರು ತಂತ್ರಜ್ಞಾನದ ತಜ್ಞರು. ಇನ್ನೊಬ್ಬರು ಅಲ್ಲಿ ಕೆಲಸ ಕೇಳಿಕೊಂಡು ಸಂದರ್ಶನಕ್ಕೆ ಬಂದವರು. ಕರೆಯಲು ಬಂದವರು ಎರಡನೆಯವರನ್ನು ಕರೆದೊಯ್ದು ನೇರಪ್ರಸಾರದ ಕ್ಯಾಮೆರಾ ಮುಂದೆ ಕೂರಿಸಿದರು. ಪರಿಚಯದ ಮಾತು ಕೇಳಿದಾಗ ಆ ಮನುಷ್ಯನ ಮುಖದಲ್ಲಿ ಮೂಡಿದ ಗಾಬರಿಯನ್ನು ಇಂದಿಗೂ ನೋಡಬಹುದು. ಆದರೂ ಸಂಗೀತ ಡೌನ್‌ಲೋಡ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಸಭ್ಯವಾಗಿ ಉತ್ತರ ಕೊಟ್ಟರು. ನಿಜವಾದ ತಜ್ಞರು ಸ್ವಾಗತಕೊಠಡಿಯಲ್ಲೇ ಕುಳಿತು, ತಾವು ಆಡಬೇಕಿದ್ದ ಮಾತನ್ನು ಬೇರೊಬ್ಬರು ಆಡುತ್ತಿರುವುದನ್ನು ಗೋಡೆಯ ಟಿ.ವಿ.ಯಲ್ಲಿ ನೋಡಿದರು.